ಹೂವಿನವಳು ಏನು ಮಾಡಿದ್ದಳು?

ಆಪ್ತಸಮಾಲೋಚನೆಗೆ ಅಂತ ತಾಯಿಯನ್ನು ಮಗ ನನ್ನ ಹತ್ತಿರ ಕರೆದುಕೊಂಡು ಬಂದಿದ್ದ. ತಾಯಿಗೆ 62 ವರ್ಷ, ಕರಾವಳಿಯ ಒಂದು ಸಣ್ಣ ಪೇಟೆಯವರು. ಚಾನೆಲ್, ಕಾರ್ಯಕ್ರಮ, ಊರು ಯಾವುದರ ಹೆಸರನ್ನೂ ಬರೆಯುವುದಿಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೂರು ವಾರದಿಂದ ನಿದ್ದೆ ಇಲ್ಲ, ಬಿಪಿ ಏರಿದೆ, ಮಾತುಮಾತಿಗೂ ಸಿಡುಕು ಅಂದ ಮಗ. ಕಾರಣ ಒಂದು ಕಾಮಿಡಿ ಶೋ. ಅದರಲ್ಲಿ ಕೃಷ್ಣನ ವೇಷ ಹಾಕಿದವನು ಕುಡಿದವನ ಹಾಗೆ ತೂರಾಡುತ್ತಾ ಕೊಳಲನ್ನು ಬಾಟಲಿಯಂತೆ ಎತ್ತಿ ಬಾಯಿಗಿಡುತ್ತಾನೆ. ಅಮ್ಮ ಆ ತಂಡದ ನಟಿಯೊಬ್ಬಳ ಪುಟ ಮೊಮ್ಮಗನಿಂದ ಹುಡುಕಿಸಿ, "ನಿರ್ವಂಶ ಆಗಿ ಹೋಗು" ಅಂತ ಬರೆದಿದ್ದರು. ಆ ಹುಡುಗಿಗೆ ಇಪ್ಪತ್ತರ ಆಸುಪಾಸು. ಮನೆಯವರು ಗಾಬರಿಯಾಗಿದ್ದು ಆಗಲೇ.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಸಿಟ್ಟಿನ ಹಿಂದೆ ಬೇರೆ ನೋವು ಅಡಗಿರುತ್ತೆ ಅಂತ ಕಲಿತವಳು ನಾನು. ಸೊಸೆ ಜೊತೆ ಹೇಗಿದ್ದೀರಿ, ಒಂಟಿ ಅನಿಸುತ್ತಾ ಅಂತ ಕೇಳಿದೆ. ಅಮ್ಮನ ಮುಖ ಕಪ್ಪಿಟ್ಟಿತು. "ನನ್ನ ಸೊಸೆ ಚಿನ್ನದಂಥವಳು. ನಾನು ಬಂದಿರೋದು ನನ್ನ ಕೃಷ್ಣನ ವಿಷಯಕ್ಕೆ" ಅಂದರು. ಅವರು ಹೇಳಿದ್ದು ಸರಿ. ಭಕ್ತಿಗೆ ಪೆಟ್ಟು ಬಿದ್ದವರ ನೋವನ್ನು ಇನ್ನೇನೋ ನೋವಿನ ಮುಖವಾಡ ಅಂತ ನೋಡುವುದೂ ಒಂದು ಅವಮಾನವೇ. ಕ್ಷಮೆ ಕೇಳಿದೆ. ಆಮೇಲೆ ಸುಮ್ಮನೆ ಕೇಳಿಸಿಕೊಂಡೆ.

ಅವರ ಮನೆಯಲ್ಲಿ ಹೆಬ್ಬೆರಳಿನಷ್ಟು ಎತ್ತರದ ಕಂಚಿನ ಕೃಷ್ಣ ಇದ್ದಾನೆ. ದಿನಾ ಬೆಳಿಗ್ಗೆ ಅವನಿಗೆ ಸ್ನಾನ, ಒಂದು ಚಿಟಿಕೆ ಬೆಣ್ಣೆ. ಬೆಣ್ಣೆಯನ್ನು ಉಗುರು ತಾಗದ ಹಾಗೆ ಬೆರಳ ತುದಿಯಲ್ಲಿ ಹೇಗೆ ಹಚ್ಚುತ್ತಾರೆ ಅಂತ ತೋರಿಸಿದರು. ಆ ಬೆರಳು ನೋಡಿದ ಮೇಲೆ "ಅದೊಂದು ಜೋಕ್ ಅಲ್ವಾ, ಬಿಡಿ" ಅನ್ನಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಮಾತು ಹೇಳಿದರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಇವರದ್ದು ಹೊಸ ಸಂಸಾರ. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಪಕ್ಕದ ಮನೆಗೆ ಓಡುತ್ತಿದ್ದರು. ಹಿಂದಿ ಬರುತ್ತಿರಲಿಲ್ಲ. "ಟಿವಿಗೆ ಹೂ ಮುಡಿಸಿ ಊದುಬತ್ತಿ ಹಚ್ಚಿದವಳು ನಾನು. ಅದೇ ಪೆಟ್ಟಿಗೆಯಲ್ಲಿ ಈಗ ಇದು." ಆ ತಲೆಮಾರಿನ ಎಷ್ಟೋ ಜನರಿಗೆ ಟಿವಿ ದೇವರು ಬಂದು ಹೋದ ಜಾಗ. ನಮಗೆ ಅದು ಗೊತ್ತಾಗಲ್ಲ.

ಯಕ್ಷಗಾನದ ಹಾಸ್ಯಗಾರ ದೇವರನ್ನೇ ಕಿಚಾಯಿಸ್ತಾನಲ್ಲ, ಆಗ ನೀವು ನಗ್ತೀರಲ್ಲ ಅಂದೆ. ತಟ್ಟನೆ ಉತ್ತರ ಬಂತು: "ಅವನು ಚೌಕಿಯಲ್ಲಿ ಗಣಪತಿಗೆ ಕೈಮುಗಿದು ರಂಗಕ್ಕೆ ಬರ್ತಾನೆ." ಚೌಕಿ ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗ. ಅವರ ಈ ಉತ್ತರಕ್ಕೆ ನನ್ನ ಹತ್ತಿರ ಮರುಮಾತಿರಲಿಲ್ಲ.

ಎರಡನೇ ಭೇಟಿಯಲ್ಲಿ ಕೇಳಿದೆ: "ಈ ಶೋ ಟಿವಿಯಲ್ಲಿ ಎಷ್ಟು ಸಲ ನೋಡಿದಿರಿ?" ಒಮ್ಮೆಯೂ ನೋಡಿರಲಿಲ್ಲ. ವಾಟ್ಸ್‌ಆಪ್‌ನಲ್ಲಿ ಬಂದ ತುಣುಕನ್ನು ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಮತ್ತೆ ನೋಡಿದ್ದರು. ತುಣುಕಿನ ಕೆಳಗೆ ಒಂದು ಸಾಲು ಇತ್ತು: ಇದನ್ನು ಬರೆದವನು ಇಂಥ ಧರ್ಮದವನು ಅಂತ. ಹೇಗೆ ಗೊತ್ತು ಅಂದೆ. ಅವರಿಗೆ ಗೊತ್ತಿರಲಿಲ್ಲ, ಕಳಿಸಿದವರಿಗೂ ಗೊತ್ತಿರಲಿಲ್ಲ. ಪೂರ್ತಿ ಸ್ಕಿಟ್ಟನ್ನು ಇಬ್ಬರೂ ಕೂತು ನೋಡಿದೆವು. ಕೊನೆಯಲ್ಲಿ ಹೆಸರುಗಳು ಓಡಿದವು. ಆ ಸಾಲು ಸುಳ್ಳು. ಆದರೆ ದೃಶ್ಯ ಪೂರ್ತಿ ನೋಡಿದ ಮೇಲೂ ಅವರ ನೋವು ಕಡಿಮೆಯಾಗಲಿಲ್ಲ. ಇವೆರಡೂ ನಿಜ.

ಆಗ ಮಾತು ಹೊರಬಂತು. ಬೀದಿ ತಿರುವಿನಲ್ಲಿ ಮಲ್ಲಿಗೆ ಮಾರುವವಳ ಹತ್ತಿರ ಹನ್ನೊಂದು ವರ್ಷದಿಂದ ಹೂ ತಗೊಳ್ಳುತ್ತಿದ್ದರು. ಅವಳೂ ಆ ವಾಟ್ಸ್‌ಆಪ್ ಸಾಲಿನಲ್ಲಿ ಹೇಳಿದ್ದ ಧರ್ಮದವಳು. ಮೂರು ವಾರದಿಂದ ಅವಳ ಮುಂದೆ ಮುಖ ತಿರುಗಿಸಿ ದಾಟುತ್ತಿದ್ದಾರೆ. ಹೇಳುವಾಗ ಧ್ವನಿ ಇಳಿಯಿತು. "ಅವಳು ಏನು ಮಾಡಿದ್ದಳು?" ಅಂತ ತಾವೇ ಕೇಳಿಕೊಂಡರು. ನಾನು ಏನೂ ಹೇಳಬೇಕಾಗಿರಲಿಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ತುಣುಕನ್ನು ಅಳಿಸಿ, ಮಲಗುವ ಕೋಣೆಗೆ ಫೋನ್ ಬೇಡ. ಬಿಪಿಗೆ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಬಿಡಬೇಡಿ. ನಟಿಗೆ ಬರೆದ ಶಾಪ ತೆಗೆಯಿರಿ, ನಿಮ್ಮ ಮನಸ್ಸಿಗೆ ಸರಿ ಅನಿಸಿದರೆ ಎರಡು ಸಾಲು ಬರೆಯಿರಿ. ದೂರನ್ನು ಮಾತ್ರ ನುಂಗಬೇಡಿ, ಅದು ಸೇರಬೇಕಾದ ಕಡೆ ಸೇರಲಿ ಅಂದೆ.

ಅದಕ್ಕೊಂದು ಜಾಗ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. 1995ರ ಕೇಬಲ್ ಟಿವಿ ಕಾಯ್ದೆಯಡಿಯ ಕಾರ್ಯಕ್ರಮ ಸಂಹಿತೆಯಲ್ಲಿ, ಧರ್ಮಗಳ ಮೇಲೆ ದಾಳಿ ಮಾಡುವ, ಧಾರ್ಮಿಕ ಗುಂಪುಗಳನ್ನು ಹೀನಾಯವಾಗಿ ಕಾಣುವ ದೃಶ್ಯ, ಮಾತು ಇರಬಾರದು ಅಂತಿದೆ. 2021ರ ಜೂನ್‌ನಲ್ಲಿ ದೂರಿಗೆ ಮೂರು ಹಂತ ಮಾಡಿದರು. ಮೊದಲು ಚಾನೆಲ್‌ಗೇ ಬರೆಯಬೇಕು. ಅವರು 24 ಗಂಟೆಯೊಳಗೆ ದೂರು ತಲುಪಿತು ಅನ್ನಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನದೊಳಗೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಮಂಡಳಿಗೆ ಹೋಗಬಹುದು. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರ. ಸುದ್ದಿ ಚಾನೆಲ್‌ಗಳ ಮಂಡಳಿ ಬೇರೆ. ದೃಶ್ಯ ನಿಯಮ ಮೀರಿದೆಯೋ ಇಲ್ಲವೋ ಹೇಳುವವಳು ನಾನಲ್ಲ ಅಂತ ಮೊದಲೇ ಸ್ಪಷ್ಟ ಮಾಡಿದೆ. ನೀವು ಬಯಸಿದ ಉತ್ತರ ಬಾರದೆಯೂ ಇರಬಹುದು ಅಂದೆ.

ಮೊದಲ ಸಲ ಬರೆದು ತಂದದ್ದು ನಾಲ್ಕು ಪುಟ. ಅದರಲ್ಲಿ ಕಲಿಯುಗ, ಸರ್ಕಾರ, ಈಗಿನ ಹುಡುಗಿಯರ ಬಟ್ಟೆ ಎಲ್ಲಾ ಇತ್ತು. ಇದರಲ್ಲಿ ಆ ರಾತ್ರಿ ನಿಮ್ಮ ಎದೆಗೆ ನಾಟಿದ್ದು ಯಾವುದು, ಅದನ್ನಷ್ಟೇ ಬರೆಯಿರಿ ಅಂದೆ. ಮುಂದಿನ ವಾರ ಅರ್ಧ ಪುಟ ತಂದರು. ತಾರೀಕು, ಹೊತ್ತು, ದೃಶ್ಯ. ಆಮೇಲೆ ಒಂದು ವಾಕ್ಯ: "ನಾನು ದಿನಾ ಬೆಣ್ಣೆ ಹಚ್ಚುವ ಬಾಯಿಗೆ ನೀವು ಬಾಟಲಿ ಇಟ್ಟಿರಿ." ಓದಿ ನನ್ನ ಕಣ್ಣು ತುಂಬಿತು. ಮಗ ಟೈಪ್ ಮಾಡಿ ಕಳಿಸಿದ.

ಹದಿಮೂರನೇ ದಿನ ಉತ್ತರ ಬಂತು. ನೋವು ಮಾಡುವ ಉದ್ದೇಶ ಇರಲಿಲ್ಲ, ತಂಡಕ್ಕೆ ತಿಳಿಸುತ್ತೇವೆ ಅಂತ. "ಇದು ಸಾಕಾಗಲ್ಲ, ಮೇಲೆ ಹೋಗ್ತೀನಿ" ಅಂದರು. ಹೋಗಲಿ, ಅದು ಅವರ ಹಕ್ಕು. ಹೇಳುವಾಗ ಧ್ವನಿ ನಡುಗಲಿಲ್ಲ. ನಿದ್ದೆ ಈಗ ಐದಾರು ಗಂಟೆ ಬರುತ್ತಿದೆ. ನಟಿಗೆ "ಶಾಪ ಹಾಕಿದ್ದು ತಪ್ಪಾಯ್ತು, ದೃಶ್ಯ ಮಾತ್ರ ಹಿಡಿಸಲಿಲ್ಲ" ಅಂತ ಬರೆದರು. ಅಲ್ಲಿಂದ ಉತ್ತರ ಬಂದಿಲ್ಲ.

ಹೂವಿಗೂ ಹೋಗಿದ್ದರು. ಅವಳು ಏನೂ ಕೇಳದೆ, ಯಾವಾಗಲೂ ಕೊಡುವ ಎರಡು ಮೊಳ ಅಳೆದು ಎಲೆಯಲ್ಲಿ ಸುತ್ತಿ ಕೊಟ್ಟಳಂತೆ. "ಯಾಕೆ ಬರಲಿಲ್ಲ ಅಂತ ಅವಳಿಗೆ ಹೇಳಬೇಕಾ?" ಅಂತ ನನ್ನನ್ನು ಕೇಳಿದರು. ನಿಮಗೇನು ಅನಿಸುತ್ತೆ ಅಂದೆ. ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಮುಂದಿನ ಗುರುವಾರ ಅದನ್ನೇ ಮಾತಾಡುವುದು ಅಂತ ಇಟ್ಟುಕೊಂಡಿದ್ದೇವೆ.