ಕಾನೂನು ಕಟ್ಟೆ: ಜೂನ್ 1ರ ಹುಡುಗ

ಪ್ರಶ್ನೆ: ಕಳೆದ ಜೂನ್ 13ರಂದು ಬೀಗರೂಟದಲ್ಲಿ ಮಾತಿಗೆ ಮಾತು ಬೆಳೆದು ನಮ್ಮ ಅಕ್ಕನ ಮಗ ಕಬ್ಬು ಕಡಿಯುವ ಮಚ್ಚಿನಲ್ಲಿ ಒಬ್ಬ ಹುಡುಗನ ಭುಜಕ್ಕೆ ಹೊಡೆದುಬಿಟ್ಟ. ಕೊಲೆ ಯತ್ನದ ಕೇಸು, ಜೈಲಿನಲ್ಲಿದ್ದಾನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಜೂನ್ 1ಕ್ಕೆ 18 ತುಂಬಿತ್ತು. ಪಂಚಾಯ್ತಿಯ ಜನನ ಪತ್ರದಂತೆ ಇನ್ನೂ ಐದು ತಿಂಗಳು ಬಾಕಿ. ಅಮೆರಿಕದಲ್ಲಿ 14ರ ಹುಡುಗರಿಗೂ ಸಾಯೋತನಕ ಜೈಲಂತೆ. ನಮ್ಮ ಹುಡುಗನ ಗತಿ ಏನು ಸಾರ್?
— ಸೋದರಮಾವ, ಪಾಂಡವಪುರ ತಾಲ್ಲೂಕು

ಉತ್ತರ: ನೀವು ಬರೆದಿದ್ದ ಹೆಸರುಗಳನ್ನು ತೆಗೆದಿದ್ದೇನೆ. ಮಕ್ಕಳ ಕೇಸಿನಲ್ಲಿ ಹೆಸರು ಅಚ್ಚು ಹಾಕುವುದೇ ಅಪರಾಧ.

ಜೂನ್ 1ರ ಕಥೆ ನನಗೆ ಹೊಸದಲ್ಲ. ನಾನು ಹುಟ್ಟಿದ್ದು ಸಂಕ್ರಾಂತಿಯ ಕಿಚ್ಚು ಹಾಯಿಸಿದ ಮಾರನೇ ದಿನ ಅಂತ ಅವ್ವ ಹೇಳೋಳು. ಮೇಷ್ಟ್ರು ಬರೆದುಕೊಂಡದ್ದು ಮಾತ್ರ ಜೂನ್ 1. ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ, ನಿಮ್ಮ ಹುಡುಗನಿಗೆ ಆಗಬಹುದು. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಅಂಕಪಟ್ಟಿಯನ್ನು. ಅದಿಲ್ಲದಿದ್ದರೆ ಪಂಚಾಯ್ತಿ, ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರಷ್ಟೇ ಮೂಳೆ ಪರೀಕ್ಷೆ. ಹಾಗಂತ ಕೈ ಚೆಲ್ಲಬೇಡಿ. ಗಡಿಯಂಚಿನ ವಯಸ್ಸಿನ ಕೇಸುಗಳಲ್ಲಿ ಸಾಕ್ಷ್ಯ ಎರಡೂ ಕಡೆಗೆ ವಾಲುವಂತಿದ್ದರೆ ಬಾಲಕನೆಂದೇ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಜನನ ನೋಂದಣಿ ಹುಟ್ಟಿದಾಗಲೇ ಆದದ್ದಾದರೆ ನಿಮ್ಮ ವಾದಕ್ಕೆ ತೂಕ ಬರುತ್ತದೆ. ಈಗ ಓಡಾಡಿ ಮಾಡಿಸಿದ ಪತ್ರವಾದರೆ ದಯವಿಟ್ಟು ಕೋರ್ಟಿಗೆ ತರಬೇಡಿ, ಇರುವ ಕೇಸಿನ ಮೇಲೆ ಇನ್ನೊಂದು ಬೀಳುತ್ತದೆ.

ಕೃತ್ಯದ ದಿನ ಹುಡುಗ ಬಾಲಕನಾಗಿದ್ದ ಅಂತ ಅದೇ ಕಾಯ್ದೆಯ 9ನೇ ಕಲಂ ಕೆಳಗೆ ಇವತ್ತೇ ಅರ್ಜಿ ಹಾಕಿಸಿ. ಕೃತ್ಯ ನಡೆದ ದಿನದ ವಯಸ್ಸೇ ಲೆಕ್ಕ. ಈ ತಕರಾರನ್ನು ಯಾವ ಹಂತದಲ್ಲೂ ಎತ್ತಬಹುದು, ತೀರ್ಪಾದ ಮೇಲೂ. ಬಾಲಕನೆಂದು ತೀರ್ಮಾನವಾದರೆ ಕೇಸು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಕೊಲೆ ಯತ್ನಕ್ಕೆ ಕನಿಷ್ಠ 7 ವರ್ಷ ಅಂತ ಕಾನೂನಿನಲ್ಲಿ ಇಲ್ಲದ್ದರಿಂದ ಅದು 'ಘೋರ' ಅಪರಾಧದ ಸಾಲಿಗೆ ಸೇರುವುದಿಲ್ಲ. ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ, ಅಂದರೆ ಜೈಲಲ್ಲ, ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ಜಾಗ. ಜಾಮೀನೂ ಸುಲಭ.

ಅಮೆರಿಕದ ಮಾತು ಅರ್ಧ ನಿಜ. ಕ್ರೂರ, ಅಸಾಮಾನ್ಯ ಶಿಕ್ಷೆ ಕೂಡದು ಅನ್ನುವ ಅವರ ಸಂವಿಧಾನದ 8ನೇ ತಿದ್ದುಪಡಿ ಹಿಡಿದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ 18ರ ಒಳಗಿನವರಿಗೆ ಗಲ್ಲು ತೆಗೆಯಿತು. 2012ರಲ್ಲಿ ಅದರ ಮುಂದಿದ್ದದ್ದು 14ರ ಇಬ್ಬರು ಹುಡುಗರ ಕೇಸು. ಕೊಲೆಯಾದರೂ ಬಿಡುಗಡೆಯಿಲ್ಲದ ಜೀವಾವಧಿಯನ್ನು ಕಣ್ಣುಮುಚ್ಚಿ ಕಡ್ಡಾಯ ಮಾಡುವಂತಿಲ್ಲ ಅಂದಿತು. ಆದರೆ ನ್ಯಾಯಾಧೀಶರು ವಿವೇಚನೆಯಿಂದ ಕೊಡುವ ದಾರಿಯನ್ನು 2021ರಲ್ಲೂ ಮುಚ್ಚಲಿಲ್ಲ. ನಮ್ಮ ಬಾಲನ್ಯಾಯ ಕಾಯ್ದೆಯ 21ನೇ ಕಲಂ ಗಲ್ಲನ್ನೂ ಬಿಡುಗಡೆಯಿಲ್ಲದ ಜೀವಾವಧಿಯನ್ನೂ ಎರಡನ್ನೂ ಮುಚ್ಚಿದೆ. ನನ್ನ ಕೇಳಿದರೆ ಈ ವಿಷಯದಲ್ಲಿ ನಾವೇ ವಾಸಿ.

ಒಂದು ಮಾತು ಬೇಸರದಿಂದಲೇ ಬರೆಯುತ್ತೇನೆ. ಎರಡು ಪುಟದ ಕಾಗದದಲ್ಲಿ ಆ ಇನ್ನೊಬ್ಬ ಹುಡುಗನ ಭುಜ ಹೇಗಿದೆ ಅಂತ ಒಂದು ಸಾಲೂ ಇಲ್ಲ. ಅವನಿಗೆ ಹೆಚ್ಚುಕಮ್ಮಿಯಾದರೆ ಕೇಸು ಕೊಲೆಗೆ ತಿರುಗುತ್ತದೆ. ಆಗ 16 ದಾಟಿದವನನ್ನು ದೊಡ್ಡವನಂತೆ ವಿಚಾರಿಸಬೇಕೇ ಅಂತ ಮಂಡಳಿ ಅವನ ಮನಸ್ಥಿತಿ ಪರೀಕ್ಷೆಗೆ ಕೂರುತ್ತದೆ, ನಾನು ಮೇಲೆ ಹೇಳಿದ 3 ವರ್ಷದ ಲೆಕ್ಕ ನಿಲ್ಲುವುದಿಲ್ಲ.