ಬೂದಿಯ ಎತ್ತರ ಅಳೆಯುವುದು ಹೇಗೆ?

ಶಿರಸಿಯ ಓದುಗರಿಗೆ ನಮಸ್ಕಾರ.

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೇಲಿ ಗುಬ್ಬಿ ಜ್ವಾಲಾಮುಖಿ ಉಗುಳಿದ ಬೂದಿ ಮರುದಿನವೇ ಗುಜರಾತ್, ದೆಹಲಿಗಳ ಆಕಾಶಕ್ಕೆ ಬಂದದ್ದನ್ನು ನೆನೆದು ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಮೋಡ ಯಾವುದು, ಬೂದಿ ಯಾವುದು ಎಂದು ಉಪಗ್ರಹಕ್ಕೆ ತಿಳಿಯುವುದು ಹೇಗೆ? ಕ್ಯಾಲಿಪ್ಸೊ, ಏಯೋಲಸ್‌ನಂಥ ಉಪಗ್ರಹಗಳಿಗೆ ಗ್ರೀಕ್ ಪುರಾಣದ ಹೆಸರೇ ಏಕೆ, ನಮ್ಮ ವಾಯು ಏಕಾಗಬಾರದು?

ಭೂಮಿಯಿಂದ ಮೇಲೇಳುವ ಅವಕೆಂಪು ಕಿರಣಗಳಲ್ಲಿ ಗುಟ್ಟಿದೆ. ನೀರು, ಹಿಮಕಣಗಳ ಮೋಡ 11 ಮೈಕ್ರೊಮೀಟರ್‌ಗಿಂತ 12 ಮೈಕ್ರೊಮೀಟರ್ ತರಂಗವನ್ನು ಹೆಚ್ಚು ಹೀರುತ್ತದೆ. ಸಿಲಿಕೇಟ್ ಎಂಬ ಕಲ್ಲಿನ ಖನಿಜಗಳಿಂದಾದ ಬೂದಿಯದು ಇದಕ್ಕೆ ತದ್ವಿರುದ್ಧ. ಎರಡೂ ತರಂಗಗಳಲ್ಲಿ ಅಳೆದ ಉಷ್ಣತೆಯ ವ್ಯತ್ಯಾಸ ನೋಡಿದರೆ ಬೂದಿ ಸಿಕ್ಕಿಬೀಳುತ್ತದೆ. ನಮ್ಮ ಇನ್ಸಾಟ್-3ಡಿ ಸರಣಿಯ ಹವಾಮಾನ ಉಪಗ್ರಹಗಳೂ ಈ ಎರಡು ತರಂಗಪಟ್ಟಿಗಳಲ್ಲಿ ಅಳೆಯುತ್ತವೆ. ಆದರೆ ಬೂದಿಯ ಕಣಕ್ಕೆ ಹಿಮ ಮೆತ್ತಿಕೊಂಡರೆ ಲೆಕ್ಕ ತಪ್ಪಬಹುದು.

ಬೂದಿ ಎಲ್ಲಿದೆ ಎಂದು ತಿಳಿದರೆ ಸಾಲದು, ಎಷ್ಟು ಎತ್ತರದಲ್ಲಿದೆ ಎಂಬುದೇ ಪೈಲಟ್‌ಗೆ ಜೀವನ್ಮರಣದ ಪ್ರಶ್ನೆ. 1982ರ ಜೂನ್ 24ರ ರಾತ್ರಿ ಇಂಡೊನೇಷ್ಯಾದ ಗಾಲುಂಗುಂಗ್ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತುಹೋಗಿದ್ದವು. ಎಂಜಿನ್ನಿನ ಬಿಸಿಗೆ ಬೂದಿ ಕರಗಿ, ಗಾಜಿನಂತೆ ಅಂಟಿಕೊಳ್ಳುತ್ತದೆ. ಕೆಳಗಿಳಿದ ಮೇಲೆ ಎಂಜಿನ್‌ಗಳು ಮತ್ತೆ ಚಾಲೂ ಆಗಿ, ವಿಮಾನ ಜಕಾರ್ತದಲ್ಲಿ ಇಳಿಯಿತು. ಒಣ ಬೂದಿ ವಿಮಾನದ ಹವಾಮಾನ ರೇಡಾರಿಗೆ ಕಾಣುವುದೇ ಇಲ್ಲ.

ಎತ್ತರವನ್ನು ನಿಖರವಾಗಿ ಅಳೆಯಲು ಲೇಸರ್ ನೆರವಾಗುತ್ತದೆ. 2006ರಲ್ಲಿ ಹಾರಿದ ಕ್ಯಾಲಿಪ್ಸೊ ಉಪಗ್ರಹ ಲೇಸರ್ ಮಿಡಿತಗಳನ್ನು ಕೆಳಕ್ಕೆ ಕಳಿಸಿ, ಅವು ಮರಳಲು ಹಿಡಿದ ಸಮಯದಿಂದ ಪದರದ ಎತ್ತರ ಹೇಳುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಬೂದಿಯನ್ನು ಯುರೋಪಿನ ಮೇಲೆ ಹೀಗೆಯೇ ಅಳೆಯಿತು. ಆದರೆ ಅದು ನೋಡುತ್ತಿದ್ದದ್ದು ತನ್ನ ಹಾದಿಯ ಕೆಳಗಿನ ತೆಳು ಗೆರೆಯನ್ನಷ್ಟೇ. ಬೂದಿ ಪಕ್ಕದಲ್ಲಿ ಸರಿದು ಹೋದರೆ ಸಿಗುತ್ತಿರಲಿಲ್ಲ.

ಇನ್ನು ಹೆಸರುಗಳು. ಕ್ಯಾಲಿಪ್ಸೊ ಎಂಬುದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದ್ದು. ಗ್ರೀಕ್ ಪುರಾಣದ ವೀರ ಒಡಿಸ್ಯೂಸ್‌ನನ್ನು ಏಳು ವರ್ಷ ದ್ವೀಪದಲ್ಲಿ ಇರಿಸಿಕೊಂಡ, ಅದೇ ಹೆಸರಿನ ಅಪ್ಸರೆಗೂ ಲೇಸರಿಗೂ ಸಂಬಂಧ ಕಾಣಲಿಲ್ಲ. ಏಯೋಲಸ್ ನನಗೆ ಪ್ರಿಯವಾದ ಹೆಸರು. ಒಡಿಸ್ಯೂಸ್‌ಗೆ ಗಾಳಿಗಳನ್ನು ಚರ್ಮದ ಚೀಲದಲ್ಲಿ ಕಟ್ಟಿಕೊಟ್ಟ ರಾಜ ಅವನು. 2018ರಲ್ಲಿ ಯುರೋಪ್ ಹಾರಿಸಿದ ಏಯೋಲಸ್ ಉಪಗ್ರಹ ಲೇಸರ್‌ನಿಂದ ಬೇರೆ ಬೇರೆ ಎತ್ತರದ ಗಾಳಿಯ ವೇಗ ಅಳೆಯಿತು. ಬೂದಿ ನಾಳೆ ಎಲ್ಲಿರುತ್ತದೆ ಎಂಬ ಲೆಕ್ಕ ನಿಂತಿರುವುದೇ ಗಾಳಿಯ ವೇಗದ ಮೇಲೆ.

ಹೆಸರಿಡುವುದು ಕಟ್ಟಿದವರ ಹಕ್ಕು. 2011ರಲ್ಲಿ ಹಾರಿದ ಭಾರತ-ಫ್ರಾನ್ಸ್ ಜಂಟಿ ಉಪಗ್ರಹಕ್ಕೆ ಮೇಘಾ-ಟ್ರಾಪಿಕ್ಸ್ ಎಂಬ ಹೆಸರಿತ್ತು, ಅದರಲ್ಲಿ ನಮ್ಮ ಮೇಘವೂ ಸೇರಿತ್ತು. ವಾಯುವಿನ ಹೆಸರನ್ನು ನಾನೂ ಬಯಸುತ್ತೇನೆ, ಗಾಳಿ ಅಳೆಯುವ ಲೇಸರ್ ನಮ್ಮದೇ ಆಗಿ ಹಾರುವ ದಿನ. ಕ್ಯಾಲಿಪ್ಸೊ, ಏಯೋಲಸ್ ಎರಡೂ 2023ರಲ್ಲಿ ಕೆಲಸ ಮುಗಿಸಿವೆ. 2024ರಲ್ಲಿ ಯುರೋಪ್ ಮತ್ತು ಜಪಾನ್ ಹಾರಿಸಿದ ಅರ್ಥ್‌ಕೇರ್ ಈಗ ಲೇಸರ್‌ನಿಂದ ಪದರಗಳ ಎತ್ತರ ಅಳೆಯುತ್ತಿದೆ. ಅದಕ್ಕೆ ಯಾವ ಪುರಾಣದ ಹೆಸರೂ ಇಲ್ಲ.

– ಸಂಪಾದಕ