ರಾತ್ರಿ ಮೂರಕ್ಕೆ ಎಚ್ಚರವಾದಾಗ ಓದುವ ಕೀರ್ತನೆ

ಪ್ರಶ್ನೆ: ನಮ್ಮ ಯಜಮಾನರ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆದಿದೆ. ಮಗ್ಗ ನಿಂತಿದೆ. ರಾತ್ರಿ 3ಕ್ಕೆ ಎಚ್ಚರವಾದರೆ ಎದೆ ಡವಗುಟ್ಟುತ್ತದೆ, ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ಕೆಲವರು ‘ನಿಮಗೆ ವಿಶ್ವಾಸ ಕಡಿಮೆ’ ಅನ್ನುತ್ತಾರೆ. ಧೈರ್ಯ ಎಲ್ಲಿಂದ ತರಲಿ?
– ಓದುಗರು, ಬೆಟಗೇರಿ

ಉತ್ತರ: ಮಾತು ಹೊರಡದಿರುವುದು ದಣಿವಿನ ಗುರುತು ತಾಯಿ, ಅವಿಶ್ವಾಸದ್ದಲ್ಲ. ಇಂಥ ಹೊತ್ತಿಗೆಂದೇ ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಮಾತು ಸಿದ್ಧವಿದೆ, ಅದನ್ನೇ ನಿಮ್ಮದಾಗಿಸಿಕೊಳ್ಳಿ. ಅದರ ಕೀರ್ತನೆಗಳ ಪುಸ್ತಕದ 13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ, ಎರಡು ನಿಮಿಷ ಸಾಕು. ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂತು, ಒಂದಿಷ್ಟು ನೀರು ಕುಡಿದು, ಮೊಬೈಲ್ ಮುಟ್ಟದೆ, ಸಣ್ಣ ದನಿಯಲ್ಲಿ ಬಾಯಿಬಿಟ್ಟು ಓದಿ. ಮನಸ್ಸಿನಲ್ಲೇ ಓದಿದರೆ ಎರಡನೇ ಸಾಲಿಗೇ ಆಸ್ಪತ್ರೆಯ ಬಿಲ್ಲು ಕಣ್ಣಮುಂದೆ ಬರುತ್ತದೆ.

ಮೊದಲ ಎರಡು ವಚನ ದೇವರ ಮೇಲಿನ ದೂರು: ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಎಂಬ ಕೇಳಿಕೆ. ಅಲ್ಲಿ ನಿಂತು ನಿಮ್ಮ ದೂರನ್ನೂ ಹೇಳಿ. 3–4ನೇ ವಚನ ಬೇಡಿಕೆ. ಅಲ್ಲಿ ನಾಳೆ ಒಂದು ದಿನಕ್ಕೆ ಬೇಕಾದದ್ದನ್ನಷ್ಟೇ, ಒಂದೇ ಸಾಲಿನಲ್ಲಿ ಕೇಳಿ. ಭರವಸೆಯ ಮಾತು ಬರುವುದು 5–6ರಲ್ಲಿ. ಬಹಳ ಮಂದಿ ತಪ್ಪುವುದು ಇಲ್ಲೇ: ದೂರು ಹೇಳುವುದು ಪಾಪವೆಂದು ಅಂಜಿ ನೇರವಾಗಿ ಸ್ತೋತ್ರಕ್ಕೆ ಹಾರುತ್ತಾರೆ. ಒಳಗೆ ಅದುಮಿಟ್ಟ ಭಯ ಮರುರಾತ್ರಿ ಮತ್ತೆ ಎಬ್ಬಿಸುತ್ತದೆ. ಕೊನೆಯ ಎರಡು ವಚನ ನಿಮ್ಮ ಗಂಟಲಿನಿಂದ ಬಾರದಿದ್ದರೆ ಒತ್ತಾಯ ಬೇಡ, ನಾಲ್ಕನೇ ವಚನಕ್ಕೇ ನಿಲ್ಲಿಸಿ. ಕೀರ್ತನೆ 88 ಕೊನೆಯ ಮಾತಿನವರೆಗೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ.

ಹರಕೆಯ ಉಪವಾಸವೇನಾದರೂ ಹಿಡಿದಿದ್ದರೆ ಸದ್ಯಕ್ಕೆ ಬಿಡಿ. ಸಾವು ಬೇಡಿಕೊಂಡು ಗಿಡದ ಕೆಳಗೆ ಬಿದ್ದಿದ್ದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಉಂಡು ಮಲಗಿದವನನ್ನು ಎಬ್ಬಿಸಿ ಮತ್ತೊಮ್ಮೆ ಉಣಿಸಿದ. ‘ಇಲ್ಲೇನು ಮಾಡುತ್ತಿದ್ದೀ’ ಎಂದು ದೇವರು ಕೇಳಿದ್ದು ಆಮೇಲೆ (1 ಅರಸುಗಳು 19). ನೀವೂ ಹೊತ್ತಿಗೆ ಸರಿಯಾಗಿ ಉಣ್ಣಿರಿ. ಯಜಮಾನರಿಗೆ ನೀರು, ಉಪ್ಪು, ಹಣ್ಣು ಎಷ್ಟು ಕೊಡಬೇಕೆಂಬುದನ್ನು ಮಾತ್ರ ಡಾಕ್ಟರರೇ ಹೇಳಬೇಕು.

ಇನ್ನು ಸಭೆಯ (ಚರ್ಚಿನ) ಮಾತು. ಯಾಕೋಬನ ಪತ್ರಿಕೆ 5:14ರಲ್ಲಿ ರೋಗಿಯೇ ಸಭೆಯ ಹಿರಿಯರನ್ನು ಕರೆಸಲಿ ಎಂದಿದೆ. ಅವರಾಗಿ ಬರಲೆಂದು ಕಾಯಬೇಡಿ, ಈ ಭಾನುವಾರವೇ ಪಾಸ್ಟರಿಗೆ ಹೇಳಿ. ‘ನಮಗಾಗಿ ಪ್ರಾರ್ಥಿಸಿ’ ಎಂದಷ್ಟೇ ಹೇಳಿದರೆ ಎಲ್ಲರೂ ಹೂಂ ಎಂದು ಮನೆಗೆ ಹೋಗುತ್ತಾರೆ. ‘ಗುರುವಾರ ಡಯಾಲಿಸಿಸ್ ಮುಗಿಯುವ ತನಕ ನಾಲ್ಕು ತಾಸು ಜೊತೆಗೆ ಕೂರಲು ಒಬ್ಬರು ಬೇಕು’ ಅನ್ನಿ. ಹೀಗೆ ಕೇಳಿದರೆ ಯಾರಾದರೂ ಒಬ್ಬರು ಎದ್ದು ಬರುತ್ತಾರೆ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿ. ಬದುಕೇ ಬೇಡವೆನಿಸಿದರೆ ಅಷ್ಟು ದಿನ ಕಾಯಬಾರದು. ಆ ಕ್ಷಣವೇ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಔಷಧ ತೆಗೆದುಕೊಂಡರೆ ವಿಶ್ವಾಸ ಕುಂದಿತು ಅನ್ನುವವರ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ಕ್ರೈಸ್ತರಾಗಿ ಹೆದರುವುದು ಪಾಪವೇ?
– ಓದುಗರು, ಹಾವೇರಿ

ಉತ್ತರ: ಅಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ತಳಮಳಗೊಂಡು, ಮೂರು ಸಲ ಅದೇ ಮಾತಿನಲ್ಲಿ ಪ್ರಾರ್ಥಿಸಿದ. ಕೀರ್ತನೆ 56:3 ಓದಿ ನೋಡಿ: ಹೆದರಿಕೆ ಆದಾಗಲೇ ನಿನ್ನನ್ನು ನಂಬುತ್ತೇನೆ ಎನ್ನುತ್ತಾನೆ ಕೀರ್ತನೆಗಾರ.

ಪ್ರಶ್ನೆ: ನಮ್ಮ ಯುವಜನ ಕೂಟದಿಂದ ಹುಬ್ಬಳ್ಳಿ ಕಿಮ್ಸ್‌ನಲ್ಲಿರುವ ರೋಗಿಗಳನ್ನು ನೋಡಲು ಹೋಗುತ್ತೇವೆ. ಏನು ಮಾತಾಡಬೇಕೋ ತಿಳಿಯುವುದಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಸತ್ಯವೇದದಲ್ಲಿ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತಿದ್ದಾಗ ಸರಿಯಾಗಿಯೇ ಇದ್ದರು. ಕಾರಣ ವಿವರಿಸಲು ಬಾಯಿ ತೆರೆದಾಗ ಕೆಟ್ಟಿತು. ಹಾಗಾಗಿ ‘ಇದು ದೇವರ ಚಿತ್ತ’, ‘ಯಾವ ತಪ್ಪಿಗೋ ಏನೋ’ ಎಂಬ ಮಾತು ಬೇಡವೇ ಬೇಡ. ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ, ಹತ್ತು ನಿಮಿಷ ಸಾಕು. ‘ಪ್ರಾರ್ಥನೆ ಮಾಡೋಣವಾ?’ ಎಂದು ಕೇಳಿ, ಹೂಂ ಅಂದರೆ ಮಾತ್ರ ಕೀರ್ತನೆ 121ರ ಎಂಟು ವಚನವನ್ನು ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಂತೆ ಓದಿ. ಹೊರಡುವ ಮುನ್ನ ರೋಗಿಯ ಜೊತೆಗಿರುವವರನ್ನು ಊಟವಾಯಿತೇ ಎಂದು ಕೇಳಿ. ಆಗಿರದಿದ್ದರೆ ಒಬ್ಬರು ಅಲ್ಲೇ ಕೂತು, ಅವರನ್ನು ಊಟಕ್ಕೆ ಕಳಿಸಿ.